ರೈಲು ಬರಲಿ, ನೀರಿನ ದಾರಿ ಬಿಟ್ಟು ಬರಲಿ

ನಮ್ಮ ಚಿಮ್ಮಡದ ಕಟ್ಟೆಯ ಮೇಲೆ ರೈಲಿನ ಮಾತು ಎದ್ದರೆ ಚಹಾ ಆರಿದರೂ ಮಾತು ಆರುವುದಿಲ್ಲ. ಹುಡುಗರಿಗೆ ರೈಲು ಬೇಕು. ಬನಹಟ್ಟಿಯಿಂದ ಬರುವ ನೇಕಾರ ಗೆಳೆಯನಿಗೂ ಬೇಕು. "ನೂಲು ಬರ್ತದ, ಸೀರಿ ಹೋಗ್ತಾವ, ಮತ್ತೇನ ಬೇಕ?" ಎನ್ನುತ್ತಾನೆ. ಹೊಲ ಇದ್ದವರು ಮಾತ್ರ ಸ್ವಲ್ಪ ತಡೆದು ಮಾತಾಡುತ್ತಾರೆ. "ಬರಲಿ ಬಿಡ್ರಿ, ಆದ್ರ ಯಾರ ಹೊಲದಾಗ?"

ನಾನು ಮೂರು ಎಕರೆಯ ರೈತ. ಕಬ್ಬು, ಅರಿಷಿಣ, ಎಮ್ಮೆ ಎರಡು. ನನಗೂ ರೈಲು ಬೇಕು. ಆದರೆ ಮುಧೋಳ ತಾಲೂಕಿನ ನಮ್ಮ ಬೀಗರ ಹೊಲದಲ್ಲಿ ಅಳತೆಯ ಕಲ್ಲು ಬಿದ್ದ ದಿನ ಅವರು ನನಗೆ ಕೇಳಿದ ಪ್ರಶ್ನೆಗಳಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ವಕೀಲರ ಹತ್ತಿರ, ಭೂಮಿ ಕಳೆದುಕೊಂಡವರ ಹತ್ತಿರ ಕೂತು ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಯಾವುದು ಈ ಮಾರ್ಗ?

ಬಾಗಲಕೋಟೆ ಗದಗ–ಹೋಟಗಿ ಮಾರ್ಗದ ಮೇಲಿದೆ. ಕುಡಚಿ ಮೀರಜ–ಬೆಳಗಾವಿ ಮಾರ್ಗದ ಮೇಲಿದೆ. ಇವೆರಡರ ನಡುವೆ ಇರುವ ನಮ್ಮ ಸೀಮೆಗೆ ಹಳಿಯೇ ಇಲ್ಲ. ಇದನ್ನು ಜೋಡಿಸುವ ಸುಮಾರು 142 ಕಿ.ಮೀ. ಹೊಸ ಮಾರ್ಗಕ್ಕೆ 2010-11ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಿ ಸಿಕ್ಕಿತು. ಖರ್ಚಿನಲ್ಲಿ ಅರ್ಧ ರಾಜ್ಯದ್ದು. ಭೂಮಿಯನ್ನೂ ರಾಜ್ಯವೇ ಕೊಡಿಸಬೇಕು. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ತುಂಡು ಮೊದಲು ಮುಗಿಯಿತು. ಅಲ್ಲಿಂದ ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳ ದಾಟಿ ಕುಡಚಿ ಮುಟ್ಟಬೇಕು. ಮೆರವಣಿಗೆ, ಧರಣಿ, ಮನವಿ ಎಲ್ಲ ಮಾಡಿಯೇ ಜನ ಇಲ್ಲಿಯವರೆಗೆ ಎಳೆದು ತಂದಿದ್ದಾರೆ. ತಡವಾಗಿದ್ದಕ್ಕೆ ಭೂಸ್ವಾಧೀನ ಒಂದು ದೊಡ್ಡ ಕಾರಣ. ಅದಕ್ಕೇ ಹಲವರು ರೈತರ ಕಡೆ ಬೆರಳು ತೋರಿಸುತ್ತಾರೆ. ತಡ ಮಾಡುವ ಆಸೆ ನಮಗೇನೂ ಇಲ್ಲ. ನಮ್ಮ ಹೊಲ ಅರ್ಧವಾಗಿ, ಉಳಿದರ್ಧ ಬಂಜರಾಗಬಾರದು, ಅಷ್ಟೇ.

ಹೋದ ಭೂಮಿಗಿಂತ ಉಳಿದ ಭೂಮಿಯ ಚಿಂತೆ

ಲೆಕ್ಕ ಹಾಕಿ ನೋಡಿ. 30 ಮೀಟರ್ ಅಗಲದ ಪಟ್ಟಿ ನಿಮ್ಮ ಹೊಲದಲ್ಲಿ 100 ಮೀಟರ್ ಹಾಯ್ದರೆ 3,000 ಚದರ ಮೀಟರ್ ಆಯಿತು. ಅಂದರೆ ಸುಮಾರು 30 ಗುಂಟೆ. ಮೂರು ಎಕರೆಯವನಿಗೆ ಕಾಲು ಭಾಗ ಹೋಯಿತು. ಇದಕ್ಕೆ ದುಡ್ಡು ಬರುತ್ತದೆ. ಆದರೆ ಪಟ್ಟಿಯ ಆಚೆ ಉಳಿದ ಒಂದು ಎಕರೆಗೆ ಹೋಗುವುದು ಹೇಗೆ? ಎತ್ತು, ಟ್ರಾಕ್ಟರ್ ದಾಟುವುದು ಎಲ್ಲಿ? ನೀರು ಹೋಗುವುದು ಎಲ್ಲಿಂದ?

ನಮ್ಮ ಕಡೆ ಇದು ಬಲು ದೊಡ್ಡ ಮಾತು. ಕೃಷ್ಣೆ, ಘಟಪ್ರಭೆಯಿಂದ ಹತ್ತಾರು ರೈತರು ಕೂಡಿ ಕಿಲೋಮೀಟರ್‌ಗಟ್ಟಲೆ ಪೈಪ್‌ಲೈನ್ ಎಳೆದುಕೊಂಡ ಸೀಮೆ ಇದು. ಸರಕಾರದ ದಾರಿ ಕಾಯದೆ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿಕೊಂಡ ರೈತರು ನಮ್ಮವರು. ಹಳಿಯ ಏರಿ ಒಂದು ಪೈಪ್‌ಲೈನ್ ಕಡಿದರೆ ಹಳಿಯಿಂದ ದೂರ ಇರುವ ಹೊಲವೂ ಒಣಗುತ್ತದೆ. ಆ ಹೊಲದವನ ಹೆಸರು ಭೂಸ್ವಾಧೀನದ ಯಾದಿಯಲ್ಲಿ ಇರುವುದೇ ಇಲ್ಲ!

ಇನ್ನೊಂದು ಸವಳು-ಜವಳು. ಎರೆಭೂಮಿಯಲ್ಲಿ ನೀರು ಇಳಿಯುವುದು ನಿಧಾನ. ಮಳೆಗಾಲದ ನೀರು ಇಳಿಜಾರಿನಲ್ಲಿ ಹಳ್ಳಕ್ಕೆ ಸರಿಯಬೇಕು. ಅಡ್ಡಲಾಗಿ ಏರಿ ಬಂದು, ಬಿಟ್ಟ ಕಿಂಡಿ ಸಣ್ಣದಾದರೆ ಮೇಲಿನ ಹೊಲದಲ್ಲಿ ನೀರು ನಿಲ್ಲುತ್ತದೆ. ವರ್ಷಾನುಗಟ್ಟಲೆ ಹಾಗೆ ನಿಂತರೆ ಉಪ್ಪು ಮೇಲೇರುತ್ತದೆ. ಮೊದಲೇ ಕಬ್ಬಿಗೆ ನೀರು ಹೆಚ್ಚಾಗಿ ನೆಲ ಕೆಡಿಸಿಕೊಂಡವರು ನಾವು.

ಕಾಯ್ದೆಯಲ್ಲಿ ನಮ್ಮ ಪರ ಒಂದು ಕಲಮು

1989ರ ರೈಲ್ವೆ ಕಾಯ್ದೆಯ 16ನೇ ಕಲಮು ಇದಕ್ಕೇ ಇದೆ. ಹಳಿಯಿಂದ ಅಕ್ಕಪಕ್ಕದ ಭೂಮಿಯ ಬಳಕೆಗೆ ತಡೆಯಾದರೆ ದಾಟುದಾರಿ, ಸೇತುವೆ, ಗೇಟುಗಳನ್ನು ರೈಲ್ವೆ ತನ್ನ ಖರ್ಚಿನಲ್ಲೇ ಮಾಡಿಕೊಡಬೇಕು. ನೀರು ಮೊದಲು ಹರಿದಷ್ಟೇ ಸರಾಗವಾಗಿ ಹರಿಯುವಂತೆ ಕಿಂಡಿ, ಕಾಲುವೆಗಳನ್ನೂ ಬಿಡಬೇಕು. ಇವೆಲ್ಲ ಹಳಿ ಹಾಕುವಾಗ ಇಲ್ಲವೆ ಅದರ ಬೆನ್ನಲ್ಲೇ ಆಗಬೇಕು.

ಎರಡು ಎಚ್ಚರ ಇವೆ. ಮೊದಲನೆಯದು, "ದಾರಿ ಬೇಡ, ಅದರ ಬದಲು ರೊಕ್ಕ ಕೊಡ್ರಿ" ಎಂದು ಪರಿಹಾರ ತೆಗೆದುಕೊಂಡರೆ ಆಮೇಲೆ ಆ ದಾರಿ ಕೇಳುವ ಹಕ್ಕು ಇರುವುದಿಲ್ಲ. ಎರಡನೆಯದು, ರೈಲು ಓಡಲು ಶುರುವಾಗಿ ಹತ್ತು ವರ್ಷ ಕಳೆದ ಮೇಲೆ ಹೆಚ್ಚಿನ ಕೆಲಸ ಮಾಡಿಕೊಡುವ ಬಾಧ್ಯತೆ ರೈಲ್ವೆಗೆ ಇಲ್ಲ. ಅದಕ್ಕೇ ನಕ್ಷೆ ಕಾಗದದ ಮೇಲಿರುವಾಗಲೇ ಕೇಳಬೇಕು. ಏರಿ ಎದ್ದ ಮೇಲೆ ಕೇಳಿದರೆ ಗೋಡೆಗೆ ಹೇಳಿದಂತೆ.

ಪರಿಹಾರದ ಲೆಕ್ಕ ಹೀಗೆ

ಮೊದಲು ನೋಟೀಸು ಯಾವ ಕಾಯ್ದೆಯಡಿ ಬಂದಿದೆ ಎಂದು ಓದಿಸಿಕೊಳ್ಳಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ತಕರಾರಿಗೆ 60 ದಿನ. ರೈಲ್ವೆ ಕಾಯ್ದೆಯ ವಿಶೇಷ ಯೋಜನೆಯಾದರೆ 30 ದಿನ ಮಾತ್ರ. ನೋಟೀಸನ್ನು ಜಂತಿಗೆ ಸಿಕ್ಕಿಸಿ ಕೂತರೆ ಕೆಟ್ಟಿರಿ.

2013ರ ಕಾಯ್ದೆಯ ಲೆಕ್ಕಕ್ಕೆ ಒಂದು ಉದಾಹರಣೆ. ಹೋಗುವ ಭೂಮಿಯ ಮಾರುಕಟ್ಟೆ ಬೆಲೆ 10 ಲಕ್ಷ ಎಂದಿಟ್ಟುಕೊಳ್ಳಿ. ಹಳ್ಳಿಯ ಭೂಮಿಗೆ ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗೆ ಗುಣಿಸುತ್ತಾರೆ. ಒಂದೂವರೆ ಹಿಡಿದರೆ 15 ಲಕ್ಷ. ಬಾವಿ, ಪೈಪು, ಗಿಡಗಳದ್ದು 1 ಲಕ್ಷ ಕೂಡಿಸಿದರೆ 16 ಲಕ್ಷ. ಇದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ. ಒಟ್ಟು 32 ಲಕ್ಷ. ಜೊತೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ. 12ರಂತೆ ಹೆಚ್ಚುವರಿ. ಈ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ.

ಕೇಳಲು ಚೆಂದ. ಆದರೆ ಆ 10 ಲಕ್ಷ ಎಲ್ಲಿಂದ ಬಂತು? ಒಂದೋ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದಿಂದ. ಇಲ್ಲವೇ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಲಿನ ಅಂಥದೇ ಭೂಮಿ ಮಾರಿದ ಖರೀದಿ ಪತ್ರಗಳಲ್ಲಿ ಮೇಲಿನ ಅರ್ಧದ ಸರಾಸರಿಯಿಂದ. ಯಾವುದು ಹೆಚ್ಚೋ ಅದು. ನಾವೇನು ಮಾಡಿದ್ದೇವೆ? ಸ್ಟ್ಯಾಂಪಿನ ರೊಕ್ಕ ಉಳಿಸಲು ಇಪ್ಪತ್ತು ಲಕ್ಷದ ಹೊಲಕ್ಕೆ ಎಂಟು ಲಕ್ಷ ಬರೆಸಿದ್ದೇವೆ. ಅಂದು ಉಳಿಸಿದ್ದನ್ನು ಇಂದು ಊರೆಲ್ಲ ಕೂಡಿ ಕಳೆದುಕೊಳ್ಳುತ್ತದೆ. ಇದರಲ್ಲಿ ಸರಕಾರವನ್ನು ಬೈದು ಫಲವಿಲ್ಲ.

ನಾನು ಮಾಡಿದ ತಪ್ಪು

ಹಿಂದೊಮ್ಮೆ ರಸ್ತೆ ಅಗಲ ಮಾಡುವಾಗ ನನ್ನ ನಾಲ್ಕು ಗುಂಟೆ ಹೋಯಿತು. ಜಂಟಿ ಅಳತೆಗೆ ಬಂದ ದಿನ ನಾನು ಸಂತೆಗೆ ಹೋಗಿದ್ದೆ. ಅಣ್ಣ-ತಮ್ಮಂದಿರ ವಾಟ್ನಿ ಮನೆಯಲ್ಲಿ ಆಗಿತ್ತು, ಪಹಣಿಯಲ್ಲಿ ಆಗಿರಲಿಲ್ಲ. ನೆಲದೊಳಗಿನ ಪೈಪು ಯಾರಿಗೂ ಕಾಣಲಿಲ್ಲ, ಯಾರೂ ಬರೆಯಲಿಲ್ಲ. ಬಂದ ಅಷ್ಟಿಷ್ಟು ರೊಕ್ಕ ಮೂರು ಪಾಲಾಯಿತು. ಸಹಿ ಮಾಡಿ ತೆಗೆದುಕೊಂಡೆ. ಪೈಪು ನನ್ನ ಖರ್ಚಿನಲ್ಲೇ ಹೂಳಿಸಿದೆ. ಆ ವರ್ಷ ಅರಿಷಿಣಕ್ಕೆ ಇಪ್ಪತ್ತೆರಡು ದಿನ ನೀರಿಲ್ಲ. ಬೆಳೆ ಅರ್ಧಕ್ಕೆ ಬಂತು. ನನ್ನ ಹೆಂಡತಿ ಈಗಲೂ ಆಡಿ ತೋರಿಸುತ್ತಾಳೆ, "ಸಂತ್ಯಾಗ ಏನ ತಂದ್ರಿ ಅವತ್ತ?"

ಅದಕ್ಕೇ ಬೀಗರಿಗೆ ಹೇಳಿದ್ದು ಇಷ್ಟು:

* ವಾಟ್ನಿ, ಪೋಡಿ, ವಾರಸಾ ಇವತ್ತೇ ಸರಿ ಮಾಡಿಸಿಕೊಳ್ಳಿ. ಪಹಣಿಯಲ್ಲಿ ಬಾವಿ, ಬೋರು, ಬೆಳೆ ಬರೆಸಿ.
* ಪೈಪ್‌ಲೈನ್ ಹೋದ ದಾರಿಯ ನಕ್ಷೆ ಮಾಡಿ, ಪಾಲುದಾರರೆಲ್ಲ ಸಹಿ ಹಾಕಿ ಅರ್ಜಿ ಕೊಡಿ. ಒಬ್ಬೊಬ್ಬರೇ ಹೋಗಬೇಡಿ.
* ಮಳೆಗಾಲದಲ್ಲಿ ನೀರು ಹರಿಯುವಾಗ ಫೋಟೋ ತೆಗೆದಿಡಿ. ಬೇಸಿಗೆಯಲ್ಲಿ ಬಂದ ಇಂಜಿನಿಯರಿಗೆ ಹಳ್ಳ ಕಾಣುವುದಿಲ್ಲ.
* ಜಂಟಿ ಅಳತೆಯ ದಿನ ಏನೇ ಕೆಲಸ ಇರಲಿ, ಹೊಲದಲ್ಲೇ ಇರಿ. ಗಿಡ ಎಣಿಸಿ ಬರೆಸಿ.
* ಉಳಿದ ತುಂಡಿಗೆ ಆಗುವ ಹಾನಿಯನ್ನೂ ಕೇಳಿ. ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ.
* ಪರಿಹಾರ ಕಡಿಮೆ ಅನಿಸಿದರೆ "ತಕರಾರಿನೊಂದಿಗೆ ಪಡೆದಿದ್ದೇನೆ" ಎಂದು ಬರೆದೇ ಸಹಿ ಮಾಡಿ. ಸುಮ್ಮನೆ ಪಡೆದರೆ ಮುಂದೆ ಹೆಚ್ಚಿಗೆ ಕೇಳುವ ಹಾದಿ ಮುಚ್ಚುತ್ತದೆ.

ಸ್ಟೇಶನ್ ಸುತ್ತ ಊರು

ಹಳಿಯ ಹಿಂದೆ ಲೇಔಟು ಬರುತ್ತದೆ. ಸ್ಟೇಶನ್ ಎಲ್ಲಿ ಎಂಬ ಗಾಳಿಸುದ್ದಿಗೇ ದಲ್ಲಾಳಿಗಳು ಮುಂಗಡ ಹಿಡಿದು ತಿರುಗುತ್ತಾರೆ. ರೊಕ್ಕ ನೋಡಿ ಕಣ್ಣು ಕುಕ್ಕುವುದು ಸಹಜ. ಬಾಗಲಕೋಟೆಯನ್ನು ನೋಡಿ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರು ಸಿಕ್ಕು, ನವನಗರ ಎದ್ದಿತು. ನವನಗರಕ್ಕೂ ಭೂಮಿ ಕೊಟ್ಟವರು ರೈತರೇ. ಪರಿಹಾರದಲ್ಲಿ ಬೇರೆ ಕಡೆ ಹೊಲ ಹಿಡಿದವರು ಇಂದಿಗೂ ರೈತರಾಗಿ ಉಳಿದಿದ್ದಾರೆ. ಮೋಟರ್‌ಸೈಕಲ್ಲು, ಮದುವೆ ಎಂದು ಕಳೆದವರು ಕೂಲಿಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ರೈಲು ಬಂದರೆ ನಮಗೇನು?

ಸಕ್ಕರೆ, ಸಿಮೆಂಟು, ಗೊಬ್ಬರಕ್ಕೆ ಇಡೀ ಗಾಡಿ ಬೇಕು, ಅವರಿಗೆ ಲಾಭ ಖರೆ. ನನ್ನ ಹತ್ತು ಚೀಲ ಅರಿಷಿಣ ಈಗ ಲಾರಿಯಲ್ಲಿ ಸಾಂಗಲಿಗೆ ಹೋಗುತ್ತದೆ. ರೈಲು ಬಂದರೂ ಹತ್ತು ಚೀಲಕ್ಕಾಗಿ ಗಾಡಿ ನಿಲ್ಲುವುದಿಲ್ಲ. ಕೂಡಿದರೆ ಮಾತ್ರ ನಿಲ್ಲಬಹುದು. 2020ರ ಆಗಸ್ಟ್‌ನಲ್ಲಿ ದೇವಳಾಲಿಯಿಂದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಓಡಿತು. ಅದೇ ಡಿಸೆಂಬರ್ 28ರಂದು ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯ ಸಾಂಗೋಲಾದಿಂದ ಬಂಗಾಳದ ಶಾಲಿಮಾರಕ್ಕೆ ನೂರನೆಯದು ಹೊರಟಿತು. ದಾಳಿಂಬೆ, ದ್ರಾಕ್ಷಿ, ಮೆಣಸಿನಕಾಯಿ ಎಲ್ಲ ಅದರಲ್ಲಿ ಹೋದವು. ಸಣ್ಣ ಮಾಲನ್ನೂ ಹಾಕಿಕೊಳ್ಳುತ್ತಿದ್ದರು. ಹಳಿ ಇತ್ತು, ಮಾಲೂ ಇತ್ತು, ಎರಡೂ ಕೂಡಿದವು. ನಮ್ಮಲ್ಲಿ ಮಾಲು ಇದೆ. ಮಹಾಲಿಂಗಪುರದ ಬೆಲ್ಲ, ತೇರದಾಳ ಕಡೆಯ ಅರಿಷಿಣ ಯಾರಿಗೆ ಗೊತ್ತಿಲ್ಲ? ಸ್ಟೇಶನ್ನಿನ ಜಾಗದಲ್ಲಿ ಗೋದಾಮಿಗೂ ಜಾಗ ಇಡಿ ಎಂದು ಈಗಲೇ ಕೇಳಬೇಕು.

ಮೊನ್ನೆ ಕಟ್ಟೆಯ ಮೇಲೆ ನೇಕಾರ ಗೆಳೆಯ ಮತ್ತೆ ಕೇಳಿದ, "ಹಂಗಾರ ನೀ ರೈಲಿನ ಕಡಿಯೋ, ವಿರುದ್ಧೋ?" ನಾನೆಂದೆ, "ರೈಲಿನ ಕಡೀನ. ಆದ್ರ ಏರಿ ಕೆಳಗ ನನ್ನ ಪೈಪಿಗೆ ಒಂದ ಕಿಂಡಿ ಇರಬೇಕ."

ಬೀಗರು ಹನ್ನೊಂದು ಮಂದಿ ಪಾಲುದಾರರ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದಾರೆ. ಸ್ವೀಕೃತಿ ಚೀಟಿ ಜೋಪಾನವಾಗಿಟ್ಟಿದ್ದಾರೆ. ನಿಮ್ಮ ಊರಲ್ಲಿ ಕಲ್ಲು ಬೀಳುವ ಮೊದಲೇ ನೀವೂ ಕೂತು ಮಾತಾಡಿ.