ಶಿಕ್ಷಣ ಸಾಲಕ್ಕೆ ಮುನ್ನ ಸಾಲ ವರದಿಯ ಪರಿಶೀಲನೆ

ಖಾನಾಪುರ ತಾಲೂಕಿನ ಭತ್ತ ಮತ್ತು ಕಬ್ಬು ಬೆಳೆಗಾರರ ಅನೇಕ ಮಕ್ಕಳು ಇಂದು ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವಿಗಳಿಗೆ ಸೇರುತ್ತಿದ್ದಾರೆ. ಶುಲ್ಕಕ್ಕೆ ಕೈಯಲ್ಲಿ ಹಣ ಸಾಲದಾದಾಗ ತಂದೆ-ಮಕ್ಕಳು ಊರಿನ ಬ್ಯಾಂಕಿಗೋ, ಬೆಳಗಾವಿಯ ಕ್ಯಾಂಪ್ ಭಾಗದ ಶಾಖೆಗಳಿಗೋ ಹೋಗುತ್ತಾರೆ. ಅಂಕಪಟ್ಟಿ, ಪ್ರವೇಶ ಪತ್ರ, ಆದಾಯ ಪ್ರಮಾಣಪತ್ರ ಎಲ್ಲವೂ ಸರಿಯಾಗಿರುತ್ತವೆ. ಆದರೆ ತಂದೆಯ ಹೆಸರಿನಲ್ಲಿ ಹಳೆಯ ಸಾಲವೊಂದು ಸುಸ್ತಿಯೆಂದು ದಾಖಲಾಗಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಶುಲ್ಕ ಕಟ್ಟಲು ಉಳಿದಿರುವುದು ನಾಲ್ಕೈದು ದಿನ ಮಾತ್ರ. ಅಷ್ಟರಲ್ಲಿ ದಾಖಲೆ ಸರಿಪಡಿಸುವುದು ಆಗದ ಮಾತು.

ತರಬೇತಿಗೆ ಬಂದಿದ್ದ ರೈತರೊಬ್ಬರ ಅನುಭವ ಇಂತಹುದೇ. ಅವರ ಸ್ವಂತ ಬೆಳೆಸಾಲದಲ್ಲಿ ಒಂದು ಕಂತೂ ಬಾಕಿ ಇರಲಿಲ್ಲ. ಆದರೆ ಸಂಬಂಧಿಕರ ಟ್ರ್ಯಾಕ್ಟರ್ ಸಾಲಕ್ಕೆ ಹಿಂದೆ ಜಾಮೀನು ಹಾಕಿ ಮರೆತಿದ್ದರು. ಆ ಸಾಲ ಕಟಬಾಕಿಯಾಗಿತ್ತು. ಮಗಳ ಅರ್ಜಿ ತಡೆದಾಗಲೇ ಅವರಿಗೆ ಈ ವಿಷಯ ತಿಳಿದದ್ದು. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ, ಸಾಲ ಕೇಳುವ ಮೊದಲು ತಮ್ಮ ಸಾಲ ವರದಿಯನ್ನು ನೋಡಿಕೊಳ್ಳುವುದು ಪ್ರತಿಯೊಬ್ಬ ಪಾಲಕರಿಗೂ ಅವಶ್ಯ.

ಪಾಲಕರ ವರದಿ ಏಕೆ?

ವಿದ್ಯಾರ್ಥಿಗೆ ಸಾಮಾನ್ಯವಾಗಿ ಹಿಂದಿನ ಸಾಲವೇ ಇರುವುದಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂ. ವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯ ಆಸರೆ 2015ರಿಂದ ಇರುವುದರಿಂದ ಆಸ್ತಿಯನ್ನು ಈಡು ಕೊಡಬೇಕಾಗಿಲ್ಲ. ಆದರೆ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಆದ್ದರಿಂದ ಬ್ಯಾಂಕು ಅವರ ವರದಿಯನ್ನು ತರಿಸಿ ನೋಡುತ್ತದೆ.

ವರದಿಯಲ್ಲಿ ಏನಿರುತ್ತದೆ?

ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ನಮ್ಮ ದೇಶದಲ್ಲಿ ಸಾಲದ ಮಾಹಿತಿಯನ್ನು ಇಡುತ್ತವೆ. ಇವು 2005ರ ಕಾಯಿದೆಗೆ ಒಳಪಟ್ಟಿವೆ. ಬೆಳೆಸಾಲ, ಚಿನ್ನದ ಸಾಲ, ವಾಹನ ಸಾಲ, ತಾಯಂದಿರು ಪಡೆದ ಕಿರುಸಾಲ, ಹಾಕಿದ ಜಾಮೀನು ಇವೆಲ್ಲವೂ ವರದಿಯಲ್ಲಿ ಬರಬಹುದು. ಪಾವತಿಯ ಕ್ರಮವನ್ನು ಆಧರಿಸಿ 300ರಿಂದ 900ರ ವರೆಗೆ ಅಂಕ ಕೊಡಲಾಗುತ್ತದೆ. ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು.

ವರದಿ ಪಡೆಯುವ ಕ್ರಮ

ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕಸಹಿತ ಉಚಿತವಾಗಿ ಕೊಡಬೇಕು. ಪ್ಯಾನ್ ಕಾರ್ಡ್ ಮತ್ತು ಮೊಬೈಲ್ ಫೋನ್ ಇದ್ದರೆ ಆಯಾ ಸಂಸ್ಥೆಯ ಜಾಲತಾಣದಲ್ಲಿ ಮನೆಯಲ್ಲಿಯೇ ಪಡೆಯಬಹುದು. ಓದಿದ ಮಕ್ಕಳ ಸಹಾಯ ಪಡೆಯಿರಿ. ತಮ್ಮ ವರದಿಯನ್ನು ತಾವೇ ನೋಡಿಕೊಂಡರೆ ಅಂಕ ಕಡಿಮೆಯಾಗುವುದಿಲ್ಲ. ಆದರೆ ಏಕಕಾಲಕ್ಕೆ ಹಲವು ಬ್ಯಾಂಕುಗಳಲ್ಲಿ ಸಾಲ ಕೇಳಿದರೆ ಪ್ರತಿ ವಿಚಾರಣೆಯೂ ದಾಖಲಾಗಿ, ಅದರಿಂದ ಅಂಕ ತುಸು ಇಳಿಯಬಹುದು.

ವರದಿಯಲ್ಲಿ ಗಮನಿಸಬೇಕಾದ ಅಂಶಗಳು

1. ಹೆಸರು, ಜನ್ಮ ದಿನಾಂಕ, ಪ್ಯಾನ್ ಸಂಖ್ಯೆ ಸರಿಯಾಗಿವೆಯೇ? ಒಂದೇ ಹೆಸರಿನ ಬೇರೊಬ್ಬರ ಸಾಲ ತಮ್ಮ ಲೆಕ್ಕಕ್ಕೆ ಸೇರಿದೆಯೇ?

2. ತೀರಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿದೆಯೇ?

3. 2018ರ ರಾಜ್ಯ ಸರಕಾರದ ಸಾಲ ಮನ್ನಾದಲ್ಲಿ ಬ್ಯಾಂಕುಗಳ ಬೆಳೆಸಾಲಕ್ಕೆ 2 ಲಕ್ಷ ರೂ. ಮಿತಿ ಇತ್ತು. ಅದಕ್ಕಿಂತ ಹೆಚ್ಚಿನ ಬಾಕಿ ಉಳಿದಿದ್ದರೆ ಅದು ಈಗಲೂ ವರದಿಯಲ್ಲಿರಬಹುದು.

4. ಬಡ್ಡಿ ರಿಯಾಯಿತಿ ಪಡೆದು ಒಂದೇ ಬಾರಿಗೆ ರಾಜಿಯಲ್ಲಿ ತೀರಿಸಿದ ಸಾಲವು 'ರಾಜಿ'ಯೆಂದು ದಾಖಲಾಗುತ್ತದೆ. ಪೂರ್ತಿ ತೀರಿದ ಸಾಲಕ್ಕೆ ಸಮನಾಗುವುದಿಲ್ಲ. ಉಳಿದ ಮೊತ್ತ ಕಟ್ಟಿದರೆ ದಾಖಲೆ ಬದಲಾಗುವುದೇ ಎಂದು ಬ್ಯಾಂಕಿನಲ್ಲಿ ಕೇಳಿರಿ.

5. ಜಾಮೀನು ಹಾಕಿದ ಸಾಲಗಳ ಕಂತುಗಳು ಸರಿಯಾಗಿ ಸಂದಾಯವಾಗುತ್ತಿವೆಯೇ?

ಕಬ್ಬು ಬೆಳೆಗಾರರಿಗೆ ಮತ್ತೊಂದು ಎಚ್ಚರಿಕೆಯಿದೆ. ಕಾರ್ಖಾನೆಯು ಕಬ್ಬಿನ ಬಿಲ್ಲಿನಲ್ಲಿ ಸಾಲದ ಹಣ ಮುರಿದುಕೊಂಡ ಮಾತ್ರಕ್ಕೆ ಸಾಲ ತೀರಿತೆಂದು ತಿಳಿಯಬಾರದು. ಆ ಹಣ ಸಾಲದ ಖಾತೆಗೆ ಯಾವ ದಿನ ಜಮಾ ಆಯಿತೆಂಬುದನ್ನು ಪಾಸ್‌ಬುಕ್ಕಿನಲ್ಲಿ ನೋಡಬೇಕು. ಸಾಮಾನ್ಯ ಸಾಲದ ಕಂತು 90 ದಿನ ಮೀರಿದರೆ ಬ್ಯಾಂಕು ಅದನ್ನು ಅನುತ್ಪಾದಕ ಸಾಲವೆಂದು ಪರಿಗಣಿಸುತ್ತದೆ. ಬೆಳೆಸಾಲಕ್ಕೆ ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮಿನ ಅವಕಾಶವಿದೆ. ಆದರೂ ವಾಯಿದೆ ಮೀರಿದ ದಿನಗಳು ಅದಕ್ಕೂ ಮೊದಲೇ ವರದಿಯಲ್ಲಿ ಕಾಣಿಸಬಹುದು.

ತಪ್ಪಿದ್ದರೆ ಏನು ಮಾಡಬೇಕು?

ಮೊದಲು ವರದಿ ನೀಡಿದ ಸಂಸ್ಥೆಗೂ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು. ಪಾವತಿ ರಸೀದಿ ಮತ್ತು ಬೇಬಾಕಿ ಪತ್ರದ ಪ್ರತಿ ಲಗತ್ತಿಸಬೇಕು. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ದಿನಕ್ಕೆ 100 ರೂ. ಪರಿಹಾರ ದೊರೆಯಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರಬಹುದು. ಹಣ ಕೊಟ್ಟರೆ ಅಂಕ ಏರಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ನಂಬಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು, ಕಟ್ಟಿಯೇ ತೀರಿಸಬೇಕು.

ಅಂಕ ಕಡಿಮೆಯಿದೆಯೆಂದು ಮಗುವಿನ ಓದು ಬಿಡಿಸಬೇಕಾಗಿಲ್ಲ. ಕಡಿಮೆ ಅಂಕವೊಂದನ್ನೇ ಕಾರಣವಾಗಿಟ್ಟುಕೊಂಡು ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟು 2023ರಲ್ಲಿ ತೀರ್ಪಿತ್ತಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಈಡು ಮತ್ತು ಜಾಮೀನುದಾರರಿಲ್ಲದೆ ಸಾಲ ದೊರೆಯುತ್ತದೆ. ನಿರಾಕರಿಸಿದರೆ ಕಾರಣವನ್ನು ಬರೆಹದಲ್ಲಿ ಕೇಳಿರಿ.

ಯಾವಾಗ ನೋಡಬೇಕು?

ಮಗ ಅಥವಾ ಮಗಳು ದ್ವಿತೀಯ ಪಿಯುಸಿಯಲ್ಲಿರುವಾಗ ಸಂಕ್ರಾಂತಿಯ ಹೊತ್ತಿಗೆ ತಂದೆ-ತಾಯಿ ಇಬ್ಬರ ವರದಿಯನ್ನೂ ಪಡೆಯಿರಿ. ಕಬ್ಬಿನ ಹಣ ಬರುವ ಕಾಲವೂ ಅದೇ ಆದ್ದರಿಂದ ಮೊದಲು ಸುಸ್ತಿ ಬಾಕಿ ತೀರಿಸಿ, ಬೇಬಾಕಿ ಪತ್ರ ಪಡೆದಿಡಿ. ಒಂದು ತಿಂಗಳ ನಂತರ ಬ್ಯಾಂಕು ಹೊಸ ಮಾಹಿತಿ ಕಳುಹಿಸಿದೆಯೇ ಎಂದು ವಿಚಾರಿಸಿರಿ. ಹೀಗೆ ಮಾಡಿದರೆ ಮುಂಗಾರಿನಲ್ಲಿ ಪ್ರವೇಶ ಪತ್ರ ಕೈಗೆ ಬಂದಾಗ ಹಳೆಯ ಬಾಕಿಯೊಂದು ಮಕ್ಕಳ ದಾರಿಗೆ ಅಡ್ಡ ಬರುವುದಿಲ್ಲ.