ಅಂಬಾಸಿಡರ್ ಮತ್ತು ಮಾರುತಿ 800: ಎರಡು ಕಾಲಗಳ ಎರಡು ಕಾರುಗಳು

ಸ್ವತಂತ್ರ ಭಾರತದ ಮಧ್ಯಮ ವರ್ಗದ ಬದುಕಿನೊಡನೆ ಬೆರೆತುಹೋದ ಕಾರುಗಳಲ್ಲಿ ಅಂಬಾಸಿಡರ್ ಹಾಗೂ ಮಾರುತಿ 800 ಪ್ರಮುಖವಾದವು. ಇಂದು ಇವೆರಡೂ ತಯಾರಾಗುತ್ತಿಲ್ಲ. ಆದರೂ ಇವುಗಳಲ್ಲಿ ಯಾವುದು ಮೇಲೆಂಬ ಚರ್ಚೆ ಹಿರಿಯರು ಕಲೆತಲ್ಲಿ ಈಗಲೂ ನಡೆಯುತ್ತದೆ. ತೀರ್ಪು ನೀಡುವ ಮುನ್ನ ಪ್ರತಿಯೊಂದೂ ಯಾವ ಕಾಲದ ಅಗತ್ಯಕ್ಕೆ ಒದಗಿಬಂತೆಂಬುದನ್ನು ಅರಿಯುವುದು ಉಚಿತ.

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರು. 1950ರ ದಶಕದ ಕೊನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. ಇದರ ಎಂಜಿನ್ ಮುಂದಿದ್ದರೂ ಶಕ್ತಿ ಹರಿಯುತ್ತಿದ್ದುದು ಕಾರಿನಡಿಯ ಉದ್ದನೆಯ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ. ಹದಿನೈದು ಅಂಗುಲದ ಚಕ್ರಗಳೂ ಹಿಂಬದಿಯ ಪಟ್ಟಿ ಸ್ಪ್ರಿಂಗುಗಳೂ ಹಳ್ಳಕೊಳ್ಳದ ರಸ್ತೆಗೆ ಹೇಳಿ ಮಾಡಿಸಿದಂತಿದ್ದವು. ಮುಂದೆ ಉದ್ದನೆಯ ಒಂದೇ ಸೀಟು, ಸ್ಟೀರಿಂಗಿನ ಬಳಿಯೇ ಗೇರು. ಆರು ಜನ ನಿರಾಯಾಸವಾಗಿ ಕೂರಬಹುದಿತ್ತು. ಕೆಟ್ಟರೆ ಸಣ್ಣ ಊರಿನ ಮೆಕ್ಯಾನಿಕ್ ಕೂಡ ರಿಪೇರಿ ಮಾಡಬಲ್ಲವನಾಗಿದ್ದ. ಆದರೆ ಗಾಡಿ ಭಾರ, ಸ್ಟೀರಿಂಗ್ ಬಿಗಿ, ಪೆಟ್ರೋಲಿನ ಖರ್ಚೂ ಹೆಚ್ಚು. ಹೀಗಾಗಿ ಬಹುತೇಕ ಕುಟುಂಬಗಳಿಗೆ ಅದು ಟ್ಯಾಕ್ಸಿಯಾಗಿಯೋ ಅಧಿಕಾರಿಗಳ ವಾಹನವಾಗಿಯೋ ಪರಿಚಿತವಾಗಿತ್ತೇ ಹೊರತು ಸ್ವಂತದ್ದಾಗಿರಲಿಲ್ಲ.

1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. ಜಪಾನಿನ ಸುಜುಕಿಯ ಸಹಯೋಗದಲ್ಲಿ ಗುರಗಾಂವ್‌ನಲ್ಲಿ ತಯಾರಾದ ಈ ಕಾರಿನ ಬೆಲೆ ಆಗ ಸುಮಾರು 50 ಸಾವಿರ ರೂಪಾಯಿ. ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳಿಗೇ ಶಕ್ತಿ ನೀಡಲಾಗಿತ್ತು. ಉದ್ದನೆಯ ಶಾಫ್ಟಿನ ಅಗತ್ಯವಿಲ್ಲದ್ದರಿಂದ ತೂಕ ತಗ್ಗಿತು. ಪುಟ್ಟ ಕಾರಿನೊಳಗೆ ನಾಲ್ವರಿಗೆ ಸ್ಥಳ ದೊರೆಯಿತು. ಸ್ಟೀರಿಂಗ್ ಹಗುರವಾಗಿದ್ದುದರಿಂದ ಹೊಸದಾಗಿ ಕಲಿತವರೂ ಧೈರ್ಯದಿಂದ ಓಡಿಸಿದರು. ಚಾಲಕನನ್ನು ನೇಮಿಸಿಕೊಳ್ಳದೆ ಗಂಡ ಹೆಂಡತಿ ಇಬ್ಬರೂ ಓಡಿಸಬಹುದಾದ ಕಾರು ಅನೇಕ ಮನೆಗಳಿಗೆ ಬಂದದ್ದು ಇದರಿಂದಲೇ.

ಹಾಗೆಂದು ಮಾರುತಿ ಎಲ್ಲದರಲ್ಲೂ ಮೇಲೆನ್ನಲಾಗದು. ಸಾಮಾನು ತುಂಬಿಕೊಂಡು ಮನೆಮಂದಿಯೆಲ್ಲ ಊರಿಗೆ ಹೊರಟಾಗ ಅಂಬಾಸಿಡರ್‌ನ ವಿಶಾಲತೆಗೆ ಸಾಟಿಯಿರಲಿಲ್ಲ. ಕೂಡು ಕುಟುಂಬಕ್ಕೆ ಅದು ಒಪ್ಪಿದರೆ, ಮಹಾನಗರದ ಫ್ಲ್ಯಾಟಿನ ಚಿಕ್ಕ ಸಂಸಾರಕ್ಕೆ ಮಾರುತಿ ಒಪ್ಪಿತು.

ಕೊನೆಯ ದಿನಗಳಲ್ಲಿ ಮಾತ್ರ ಎರಡರ ಕಥೆಯೂ ಒಂದೇ. ಪೈಪೋಟಿ ವಿರಳವಾಗಿದ್ದ ದಶಕಗಳಲ್ಲಿ ಅಂಬಾಸಿಡರ್ ಹೆಚ್ಚು ಬದಲಾಗಲಿಲ್ಲ. ಮಾರುತಿ ಬಂದೊಡನೆ ಹಿಂದೆ ಬಿತ್ತು. ಮುಂದೆ ಹೊಸ ಕಾರುಗಳ ನಡುವೆ ಮಾರುತಿ 800 ಕೂಡ ಹಳತಾಯಿತು. ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಾಗ, 2010ರಲ್ಲಿ ಹದಿಮೂರು ದೊಡ್ಡ ನಗರಗಳಲ್ಲಿ ಅದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ಕೊನೆಗೊಂಡರೆ, ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯೂ ಸ್ತಬ್ಧವಾಯಿತು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಹುಟ್ಟಿದ ಎರಡು ಕಾರುಗಳು ಒಂದೇ ವರ್ಷ ವಿದಾಯ ಹೇಳಿದವು. ಒಂದು ಕಾಲಕ್ಕೆ ಎಷ್ಟೇ ಒಪ್ಪಿದ ವಸ್ತುವಾದರೂ ಬದಲಾವಣೆಗೆ ಒಗ್ಗಿಕೊಳ್ಳದಿದ್ದರೆ ಉಳಿಯದೆಂಬುದನ್ನು ಇವೆರಡೂ ನೆನಪಿಸುತ್ತವೆ.