ಊರ ರಾಜಕೀಯಕ್ಕೆ ಹೊಸಬರು: ಸುರಪುರದ ಹುಡುಗನ ಒಂದು ಪ್ರಶ್ನೆ



ಕಳೆದ ಸಾಲಿನ ಹಣ್ಣು ಕೊಯ್ಲಿಗೆ ನಮ್ಮ ತೋಟಕ್ಕೆ ಸುರಪುರದ ಕಡೆಯ ನಾಲ್ಕು ಕುಟುಂಬಗಳು ಬಂದಿದ್ದುವು. ಅವರಲ್ಲಿ ಪಿ.ಯು.ಸಿ. ಮುಗಿಸಿದ ಹುಡುಗನೊಬ್ಬ ಸಂಜೆ ಹಣ್ಣು ಅಳೆಯುವ ಹೊತ್ತಿನಲ್ಲಿ ಕೇಳಿದ: “ಸಾವ್ಕಾರ್ರ, ನಮ್ಮೂರಾಗ ರಾಜಕೀಯಕ್ಕ ಇಳೀಬೇಕಂತ ಮಾಡೀನ್ರಿ. ಮೊದ್ಲು ಯಾವ ಪಾರ್ಟಿ ಆಫೀಸಿಗೆ ಹೋಗ್ಬೇಕ್ರಿ?”

ಕಾರಣ ವಿಚಾರಿಸಿದೆವು. ಅವರ ಎರಡೆಕರೆ ಜಮೀನು ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. ಕಾಗದದಲ್ಲಿ ನೀರಾವರಿ, ಹೊಲದಲ್ಲಿ ಒಣಬೇಸಾಯ. ಮೇಲಿನವರು ಭತ್ತ ಹಚ್ಚಿದರೆ ಕೆಳಗಿನವರ ಹತ್ತಿಗೆ ನೀರಿಲ್ಲ. ಬೆಳೆ ಒಣಗಿದ ಮೇಲೆ ಮನೆಗೆ ಬೀಗ, ಬೆಂಗಳೂರಿಗೋ ನಮ್ಮ ಮಲೆನಾಡಿಗೋ ಗುಳೆ. ಕೃಷ್ಣೆಗೆ ಕಟ್ಟಿದ ಬಸವಸಾಗರ ಇರುವುದು ಹಿಂದಿನ ಸುರಪುರ ತಾಲ್ಲೂಕಿನಲ್ಲೇ (ಈಗ ಅದು ಹುಣಸಗಿಗೆ ಸೇರಿದೆ). ಹುಡುಗನ ಸಿಟ್ಟು ನಮಗೆ ಅರ್ಥವಾಯಿತು.

“ತಮ್ಮಾ, ಪಾರ್ಟಿ ಆಫೀಸು ಆಮೇಲೆ. ಮೊದಲು ನಿಮ್ಮ ಓಣಿಯ ಮತದಾರರ ಪಟ್ಟಿ ತೆಗೆದುಕೊಂಡು ಮನೆಮನೆಗೆ ಹೋಗು” ಎಂದೆವು. ಗ್ರಾಮ ಪಂಚಾಯತಿಗೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. 21 ವರ್ಷ ತುಂಬಿದವನು ಯಾರ ಟಿಕೆಟ್ಟಿಗೂ ಕಾಯದೆ ನಿಲ್ಲಬಹುದು. 400 ಜನರ ಮನೆ ಬಾಗಿಲು ನಡೆದೇ ಮುಗಿಸಬಹುದಾದ ದೂರ. ಆದರೆ ಪಟ್ಟಿಯಲ್ಲಿ ಹೆಸರಿದ್ದವರಲ್ಲಿ ಎಷ್ಟು ಮಂದಿ ಊರಿನಲ್ಲಿದ್ದಾರೆ, ಎಷ್ಟು ಮಂದಿ ಗುಳೆ ಹೋಗಿದ್ದಾರೆ ಎಂದು ಬರೆದುಕೊಳ್ಳಬೇಕು. ಆ ಕಡೆಯ ರಾಜಕೀಯದ ಗಂಟು ಇರುವುದೇ ಅಲ್ಲಿ.

1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಗ್ರಾಮಸಭೆಯ ಕೋರಂ ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಅರ್ಧ ಊರು ಗುಳೆ ಹೋದ ತಿಂಗಳಲ್ಲಿ ಸಭೆ ಸೇರಿದರೆ ಯಾರ ಮನೆ, ಯಾರ ರಸ್ತೆ ಎಂಬುದನ್ನು ಉಳಿದ ನಾಲ್ಕು ಜನ ತೀರ್ಮಾನಿಸುತ್ತಾರೆ. ಆದುದರಿಂದ ಜನ ಊರಿನಲ್ಲಿರುವಾಗಲೇ ಸಭೆ ಕರೆಯಿರಿ ಎಂದು ಬರವಣಿಗೆಯಲ್ಲಿ ಕೇಳುವುದೇ ಹೊಸಬನಿಗೆ ಒಳ್ಳೆಯ ಮೊದಲ ಕೆಲಸ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮೂರ ಮೋರಿ ಕುಸಿದಾಗ, ಪದವೀಧರರೆಂಬ ಹೆಮ್ಮೆಯಿಂದ ನಾವೊಬ್ಬರೇ ಕುಳಿತು ಸೊಗಸಾದ ಮನವಿ ಬರೆದು ಕಚೇರಿಯೊಂದಕ್ಕೆ ಕೊಟ್ಟು ಬಂದೆವು. ನಕಲು ಇಟ್ಟುಕೊಳ್ಳಲಿಲ್ಲ, ಸ್ವೀಕೃತಿಯ ಮೊಹರು ಹಾಕಿಸಲಿಲ್ಲ. ಮೂರು ತಿಂಗಳ ಮೇಲೆ “ಅಂಥ ಅರ್ಜಿಯೇ ಬಂದಿಲ್ಲ” ಎಂಬ ಉತ್ತರ. ಅದಕ್ಕಿಂತ ನಾಟಿದ್ದು ಲೈನ್ ಮನೆಯ ಹೆಂಗಸೊಬ್ಬಳ ಮಾತು: “ನಮ್ಮನ್ನ ಯಾರು ಕೇಳಿದ್ರು ಸಾಹುಕಾರ್ರೆ?” ದಿನವೂ ಆ ಹಳ್ಳ ದಾಟುತ್ತಿದ್ದವರು ಅವರು. ಎರಡನೆಯ ಅರ್ಜಿಗೆ ಅರುವತ್ತು ಸಹಿ, ಹೆಬ್ಬೆಟ್ಟುಗಳಿದ್ದುವು. ಮೋರಿ ಆಯಿತು, ತಡವಾಗಿ.

ಮಾರ್ಚಿಯಲ್ಲಿ ನಾವು ಆ ಸೀಮೆಗೆ ಹೋಗಿ ಬಂದೆವು. ಯಾದಗಿರಿ 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾದ ಊರು. ಶಹಾಪುರದ ಗುಡ್ಡಗಳು ಮಲಗಿದ ಬುದ್ಧನಂತೆ ಕಾಣುವುದು ನಿಜವೇ. ಅಲ್ಲಿಗೆ ಹತ್ತಿರದ ಭೀಮರಾಯನಗುಡಿಯಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇದೆ. ನೀರು ಬಳಕೆದಾರರ ಸಹಕಾರ ಸಂಘಗಳ ವಿಚಾರ ಅಲ್ಲಿಗೇ ಸಂಬಂಧಿಸಿದ್ದು. ಸಹಕಾರಿಗಳಾದ ನಮಗೆ ಕುತೂಹಲ ಹುಟ್ಟಿದ್ದು ಇಲ್ಲಿ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗ ರೈತರು ಕೈಯಿಟ್ಟದ್ದು ಸಾಲದ ಕಷ್ಟವೊಂದಕ್ಕೇ. ಕಾಲುವೆಯ ಕೊನೆಯವರೂ ನೀರೊಂದನ್ನೇ ಹಿಡಿದು ಸಂಘದ ಸದಸ್ಯರಾಗಿ, ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದರೆ, ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುತ್ತದೆ. ಮೇಲಿನವರೊಡನೆ ಜಗಳಕ್ಕೆ ನಿಲ್ಲುವುದಕ್ಕಿಂತ ಇದು ಮೇಲೆಂದು ಹುಡುಗನಿಗೆ ಹೇಳಿದೆವು. ಅವನು ಒಪ್ಪಿದಂತೆ ಕಾಣಲಿಲ್ಲ. ವಯಸ್ಸು ಅಂಥದ್ದು.

ಹೆಂಗಸರಿಗೆ ಪಂಚಾಯತಿಯಲ್ಲಿ ಅರ್ಧದಷ್ಟು ಸ್ಥಾನ ಮೀಸಲಿದೆ. ನಿನ್ನ ವಾರ್ಡು ಮೀಸಲಾದರೆ ಯಾರನ್ನು ನಿಲ್ಲಿಸುತ್ತೀ ಎಂದು ಕೇಳಿದಾಗ ಅವನು ತಲೆ ಕೆರೆದುಕೊಂಡ. ಪಕ್ಕದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ತಾಯಿ ಮಾತ್ರ ನಕ್ಕಳು.

ಈ ಸಾಲಿನ ಕೊಯ್ಲಿಗೆ ತಾಯಿಯೊಬ್ಬಳೇ ಬಂದಳು. ಮಗನೆಲ್ಲಿ ಎಂದೆವು. “ವಾರ್ಡ್ ಸಭಾ ಐತ್ರಿ, ಮುಗಿಸ್ಕೊಂಡ ಬರ್ತಾನಂತ್ರಿ.” ಕಾಲುವೆಗೆ ನೀರು ಬಂತೇ ಎಂದೆವು.

“ಇನ್ನಾ ಇಲ್ರಿ. ಅರ್ಜಿಗಿ ಮೊಹರ್ ಮಾತ್ರ ಹಾಕ್ಸ್ಯಾನ್ರಿ.”